ಎಲಿಜಬೆತ್ ಗ್ಯಾರೆಟ್: ಶಾಲೆಯಲ್ಲಿ ಸಿಗದ ವಿಷಯಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಏನು ಬರೆಯಲಿ ಎಂದು ಕೆಲವು ದಿನ ಯೋಚಿಸಿದೆ. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಹಿರಿಯರಿದ್ದಾರೆ. ನಾನು ಇಲ್ಲಿ ವಿಜ್ಞಾನ ಕಲಿಸಿದವನು. ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನವೇ ಪಾಲಕರು ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದುದು ಇಂದಿಗೂ ಕಣ್ಣ ಮುಂದಿದೆ. ಕೆಲವರು ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿರುತ್ತಿದ್ದರು. ಅವರೆಲ್ಲರ ಪ್ರಶ್ನೆಯೂ ಒಂದೇ. ಮಗುವಿಗೆ ಡಾಕ್ಟರ್ ಆಗುವ ಆಸೆಯಿದೆ, ಹನ್ನೊಂದನೆಯ ತರಗತಿಯಲ್ಲಿ ಯಾವ ವಿಷಯಗಳನ್ನು ತೆಗೆದುಕೊಳ್ಳಬೇಕು?

ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೇನೆ. ಬಹಳ ವರ್ಷಗಳ ಹಿಂದಿನ ಮಾತು. ಚುರುಕಾದ ಒಬ್ಬ ಹುಡುಗನಿಗೆ ಜೀವಶಾಸ್ತ್ರವನ್ನು ಬಿಟ್ಟು ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳುವಂತೆ ಹೇಳಿದೆ. ಇನ್ನೂರು ಅಂಕಗಳ ಆ ವಿಷಯದಲ್ಲಿ ಅಂಕಗಳು ಧಾರಾಳವಾಗಿ ಬರುತ್ತವೆ, ಕನ್ನಡ ಮಾಧ್ಯಮದಿಂದ ಹೋದವನಿಗೆ ಜೀವಶಾಸ್ತ್ರದ ಇಂಗ್ಲಿಷ್ ಪದಗಳ ಹೊರೆ ತಪ್ಪುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಮರುವರ್ಷ ಅವನ ತಾಯಿ ಕಾಯಿಲೆಯಿಂದ ತೀರಿಕೊಂಡರು. ವೈದ್ಯನಾಗಬೇಕೆಂಬ ಹಂಬಲ ಅವನಲ್ಲಿ ಆಗ ಹುಟ್ಟಿತು. ಆದರೆ ಅವನ ಅಂಕಪಟ್ಟಿಯಲ್ಲಿ ಜೀವಶಾಸ್ತ್ರವಿರಲಿಲ್ಲ, ಬಾಗಿಲು ಮುಚ್ಚಿತ್ತು. ಇಂದು ಅವನು ಒಳ್ಳೆಯ ಉದ್ಯೋಗದಲ್ಲಿದ್ದಾನೆ, ನನ್ನನ್ನು ಕಂಡಾಗ ಗೌರವದಿಂದಲೇ ಮಾತನಾಡಿಸುತ್ತಾನೆ. ಆದರೂ ಆ ಕೊರಗು ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ವಿಷಯಗಳ ಆಯ್ಕೆಯ ಮಾತು ಬಂದಾಗಲೆಲ್ಲ ನಾನು ಮಕ್ಕಳಿಗೆ ಒಬ್ಬ ಮಹಿಳೆಯ ಜೀವನ ಕಥೆಯನ್ನು ಹೇಳುತ್ತ ಬಂದೆ. ಸೊಲ್ಲಾಪುರದಲ್ಲಿ ಹುಟ್ಟಿ, ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಪ್ರಾಣ ತೆತ್ತ ಡಾ. ದ್ವಾರಕಾನಾಥ ಕೋಟ್ನೀಸರ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಇಲ್ಲಿ ಅಷ್ಟಾಗಿ ಪರಿಚಿತವಲ್ಲದ, ಇಂಗ್ಲೆಂಡಿನ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಅವರ ಕಥೆಯನ್ನೇ ಬರೆಯುತ್ತಿದ್ದೇನೆ.

ಎಲಿಜಬೆತ್ ಹುಟ್ಟಿದ್ದು 1836ರ ಜೂನ್ 9ರಂದು, ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ. ತಂದೆ ನ್ಯೂಸನ್ ಗ್ಯಾರೆಟ್ ಆಗ ಗಿರವಿ ಅಂಗಡಿ ನಡೆಸುತ್ತಿದ್ದರು. ಮುಂದೆ ಕುಟುಂಬವು ಸಫೋಕ್ ಪ್ರಾಂತದ ಆಲ್ಡ್‌ಬರೋ ಎಂಬ ಕಡಲತಡಿಯ ಊರಿಗೆ ಬಂದು ನೆಲೆಸಿತು. ಅಲ್ಲಿ ತಂದೆ ಜವೆಗೋಧಿ ಮತ್ತು ಕಲ್ಲಿದ್ದಲಿನ ವ್ಯಾಪಾರದಲ್ಲಿ ಏಳಿಗೆ ಹೊಂದಿದರು. ಮನೆ ತುಂಬ ಮಕ್ಕಳು, ಎಲಿಜಬೆತ್ ಎರಡನೆಯ ಮಗಳು. ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂಬ ಮನಸ್ಸು ತಂದೆಗಿದ್ದುದು ಆ ಕಾಲಕ್ಕೆ ದೊಡ್ಡ ಮಾತು. ಮೊದಲು ಮನೆಯಲ್ಲಿಯೇ ಪಾಠವಾಯಿತು. ಹದಿಮೂರನೆಯ ವಯಸ್ಸಿನಲ್ಲಿ ಅಕ್ಕನೊಂದಿಗೆ ಲಂಡನ್ನಿನ ಬಳಿಯ ಬ್ಲ್ಯಾಕ್‌ಹೀತ್‌ನ ವಸತಿ ಶಾಲೆಗೆ ಸೇರಿಸಿದರು.

ಆ ಶಾಲೆಯಲ್ಲಿ ಇಂಗ್ಲಿಷ್ ಸಾಹಿತ್ಯ, ಫ್ರೆಂಚ್ ಮೊದಲಾದ ಯೂರೋಪಿನ ಭಾಷೆಗಳು ಮತ್ತು ಸಭ್ಯ ನಡವಳಿಕೆಗಳನ್ನು ಕಲಿಸುತ್ತಿದ್ದರು. ವಿದ್ಯಾರ್ಥಿನಿಯರು ತಮ್ಮತಮ್ಮಲ್ಲಿ ಫ್ರೆಂಚಿನಲ್ಲಿಯೇ ಮಾತನಾಡಬೇಕೆಂಬ ನಿಯಮವೂ ಇತ್ತು. ಆದರೆ ಗಣಿತವಾಗಲಿ ವಿಜ್ಞಾನವಾಗಲಿ ಅಲ್ಲಿರಲಿಲ್ಲ. ಈ ಕೊರತೆಯ ಬಗ್ಗೆ ಆಕೆಗೆ ಕೊನೆಯವರೆಗೂ ಅಸಮಾಧಾನವಿತ್ತು. ಶಾಲೆ ಮುಗಿಸಿ ಊರಿಗೆ ಮರಳಿದ ಮೇಲೆ ಮನೆಗೆಲಸದಲ್ಲಿ ತಾಯಿಗೆ ನೆರವಾಗುತ್ತ, ಬಿಡುವಿನಲ್ಲಿ ಲ್ಯಾಟಿನ್ ಮತ್ತು ಅಂಕಗಣಿತವನ್ನು ತಾವೇ ಅಭ್ಯಾಸ ಮಾಡತೊಡಗಿದರು. ಮುಂದೆ ಇದು ಯಾವ ಉಪಯೋಗಕ್ಕೆ ಬಂದೀತೆಂಬ ಕಲ್ಪನೆ ಆಗ ಆಕೆಗೂ ಇರಲಿಲ್ಲ.

1859ರಲ್ಲಿ ಆಕೆಯ ಬದುಕು ತಿರುವು ಪಡೆಯಿತು. ಅಮೆರಿಕದಲ್ಲಿ 1849ರಲ್ಲಿ ವೈದ್ಯಕೀಯ ಪದವಿ ಪಡೆದಿದ್ದ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರು ಲಂಡನ್ನಿಗೆ ಬಂದು, ಮಹಿಳೆಯರು ವೈದ್ಯವೃತ್ತಿಯನ್ನು ಕೈಗೊಳ್ಳುವ ಬಗ್ಗೆ ಉಪನ್ಯಾಸಗಳನ್ನು ನೀಡಿದರು. ಕೇಳಲು ಹೋಗಿದ್ದ ಎಲಿಜಬೆತ್ ಅವರಿಗೆ ಆಗ ಇಪ್ಪತ್ತೆರಡು ವರ್ಷ. ತಾವೂ ವೈದ್ಯೆಯಾಗಬೇಕೆಂದು ನಿಶ್ಚಯಿಸಿದರು. ತಂದೆ ಮೊದಲು ಅಸಹ್ಯಪಟ್ಟುಕೊಂಡರು, ಆಮೇಲೆ ಮಗಳ ಹಟವನ್ನು ಕಂಡು ಬೆನ್ನಿಗೆ ನಿಂತರು. ತಂದೆ ಮಗಳಿಬ್ಬರೂ ಲಂಡನ್ನಿನ ಪ್ರಸಿದ್ಧ ವೈದ್ಯರ ಮನೆಗಳಿಗೆ ಹೋಗಿ ಸಲಹೆ ಕೇಳಿದರು. ಉತ್ತೇಜನ ಕೊಟ್ಟವರು ವಿರಳ.

ಈ ಹಂತದಲ್ಲಿ ಎಲಿಜಬೆತ್ ಮಾಡಿದ ಕೆಲಸವನ್ನು ಮಕ್ಕಳು ವಿಶೇಷವಾಗಿ ಗಮನಿಸಬೇಕು. ವೈದ್ಯಕೀಯ ಪರೀಕ್ಷೆಗೆ ಕೂರುವವರು ಏನೇನು ಬಲ್ಲವರಾಗಿರಬೇಕು, ಅದರಲ್ಲಿ ತಮಗೆ ಗೊತ್ತಿಲ್ಲದ್ದು ಯಾವುದು ಎಂದು ಆಕೆ ಮೊದಲು ತಿಳಿದುಕೊಂಡರು. ಆ ಕಾಲದಲ್ಲಿ ವಿಜ್ಞಾನ ಗೊತ್ತಿದ್ದರೆ ಸಾಲದು, ಲ್ಯಾಟಿನ್ ಬೇಕು, ಗ್ರೀಕ್ ಬೇಕು. ಔಷಧಗಳ ಚೀಟಿಯನ್ನೂ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲವದು. ಗಂಡುಮಕ್ಕಳ ಶಾಲೆಗಳಲ್ಲಿ ಈ ಭಾಷೆಗಳು ಎಳವೆಯಿಂದಲೇ ಪಾಠವಾಗುತ್ತಿದ್ದವು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹಾಗಿರಲಿಲ್ಲ. ಹೀಗಾಗಿ ವೈದ್ಯಶಾಲೆಯ ಬಾಗಿಲು ಹುಡುಗಿಯರಿಗೆ ಮುಚ್ಚಿದ್ದು ಕೇವಲ ನಿಯಮದಿಂದಲ್ಲ. ಶಾಲೆಯ ಪಾಠಪಟ್ಟಿಯೇ ಅವರನ್ನು ಹದಿಮೂರನೆಯ ವಯಸ್ಸಿಗೇ ಹೊರಗಿಟ್ಟಿತ್ತು.

1860ರ ಆಗಸ್ಟ್ ತಿಂಗಳಲ್ಲಿ ಆಕೆ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯನ್ನು ದಾದಿಯಾಗಿ ಸೇರಿದರು. ಹಗಲು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ. ಅದೇ ಆಸ್ಪತ್ರೆಯ ಔಷಧ ವಿಭಾಗದವರಿಂದ ಲ್ಯಾಟಿನ್, ಗ್ರೀಕ್ ಮತ್ತು ಔಷಧ ದ್ರವ್ಯಗಳ ಪಾಠ ಹೇಳಿಸಿಕೊಂಡರು. ವಾರಕ್ಕೆ ಮೂರು ಸಂಜೆ ಅಂಗರಚನಾಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರದ ಖಾಸಗಿ ಪಾಠಗಳು. ಕ್ರಮೇಣ ಶವವಿಚ್ಛೇದನದ ಕೋಣೆಗೂ ರಸಾಯನಶಾಸ್ತ್ರದ ಉಪನ್ಯಾಸಗಳಿಗೂ ಪ್ರವೇಶ ದೊರಕಿತು. ಆದರೆ ತರಗತಿಯಲ್ಲಿ ಒಬ್ಬ ಹೆಣ್ಣುಮಗಳು ಇರುವುದನ್ನು ಸಹಿಸದ ವಿದ್ಯಾರ್ಥಿಗಳು 1861ರಲ್ಲಿ ಆಡಳಿತಕ್ಕೆ ಮನವಿ ಸಲ್ಲಿಸಿ, ಆಕೆ ಹೊರಹೋಗುವಂತೆ ಮಾಡಿದರು. ಹೊರಡುವಾಗ ಆಕೆಯ ಕೈಯಲ್ಲಿ ರಸಾಯನಶಾಸ್ತ್ರ ಮತ್ತು ಔಷಧ ದ್ರವ್ಯಶಾಸ್ತ್ರಗಳಲ್ಲಿ ವಿಶೇಷ ಶ್ರೇಣಿಯ ಪ್ರಮಾಣಪತ್ರಗಳಿದ್ದವು. ಶಾಲೆಯಲ್ಲಿ ವಿಜ್ಞಾನದ ಒಂದು ಪಾಠವನ್ನೂ ಕೇಳದಿದ್ದವರು ಸುಮಾರು ಒಂದು ವರ್ಷದ ದುಡಿಮೆಯಿಂದ ಇದನ್ನು ಸಂಪಾದಿಸಿದ್ದರು.

ಮುಂದೆ ಅನೇಕ ವೈದ್ಯಶಾಲೆಗಳು ಆಕೆಗೆ ಪ್ರವೇಶ ನಿರಾಕರಿಸಿದವು. ಲಂಡನ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಕೂರಲು ಮಹಿಳೆಯರಿಗೆ ಅವಕಾಶ ಕೊಡುವ ಪ್ರಸ್ತಾಪವು 1862ರಲ್ಲಿ ಅಲ್ಲಿಯ ಸೆನೆಟ್ ಸಭೆಯ ಮುಂದೆ ಬಂದಿತು. ಮತಗಳು ಸಮಸಮವಾದಾಗ ಕುಲಪತಿಗಳ ನಿರ್ಣಾಯಕ ಮತದಿಂದ ಅದು ಬಿದ್ದುಹೋಯಿತು. ಆಗ ಉಳಿದದ್ದು ಒಂದೇ ದಾರಿ. ಔಷಧ ಕೊಡುವ ವೈದ್ಯರಿಗೆ ಪರವಾನಗಿ ನೀಡುತ್ತಿದ್ದ ಅಪಾಥಿಕೆರಿಗಳ ಸಂಘದ ಸನ್ನದಿನಲ್ಲಿ ಮಹಿಳೆಯರನ್ನು ನಿಷೇಧಿಸುವ ಮಾತಿರಲಿಲ್ಲ. ನಿಗದಿತ ವಿಷಯಗಳನ್ನು ಅಂಗೀಕೃತ ಉಪನ್ಯಾಸಕರಿಂದ ಕಲಿತು ಪ್ರಮಾಣಪತ್ರ ತಂದವರು ಪರೀಕ್ಷೆಗೆ ಕೂರಬಹುದಿತ್ತು. ಎಲಿಜಬೆತ್ ಸೇಂಟ್ ಆಂಡ್ರೂಸ್, ಎಡಿನ್‌ಬರೋ, ಲಂಡನ್ ಎಂದು ಊರೂರು ತಿರುಗಿ, ಸಾಮಾನ್ಯ ತರಗತಿಯಲ್ಲಿ ಸ್ಥಳ ಸಿಗದ ಕಡೆ ಹಣ ತೆತ್ತು ಖಾಸಗಿಯಾಗಿ ಒಂದೊಂದೇ ವಿಷಯವನ್ನು ಪೂರೈಸಿದರು. ಸಂಘದವರು ಕೊನೆಯ ಗಳಿಗೆಯಲ್ಲಿ ಹಿಂಜರಿದಾಗ ತಂದೆ ನ್ಯಾಯಾಲಯಕ್ಕೆ ಹೋಗುವುದಾಗಿ ಎಚ್ಚರಿಸಿದರು. 1865ರ ಸೆಪ್ಟೆಂಬರ್ 28ರಂದು ಆಕೆ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಸಂಘವು ಆ ಮೇಲೆ ಖಾಸಗಿ ಪಾಠಗಳಿಗೆ ಮಾನ್ಯತೆಯಿಲ್ಲವೆಂದು ನಿಯಮ ತಿದ್ದಿ, ಆಕೆಯ ಹಿಂದೆ ಆ ಬಾಗಿಲನ್ನೂ ಮುಚ್ಚಿತು.

1866ರಲ್ಲಿ ಆಕೆ ಲಂಡನ್ನಿನಲ್ಲಿ ಬಡ ಮಹಿಳೆಯರಿಗಾಗಿ ಮತ್ತು ಮಕ್ಕಳಿಗಾಗಿ ಒಂದು ಔಷಧಾಲಯವನ್ನು ತೆರೆದರು. ಮೊದಲ ವರ್ಷವೇ ಸುಮಾರು 3,000 ಹೊಸ ರೋಗಿಗಳು ಬಂದರೆಂದು ದಾಖಲೆಯಿದೆ. ಕೈಯಲ್ಲಿ ಪರವಾನಗಿ ಇತ್ತು, ಆದರೆ ಎಂ.ಡಿ. ಪದವಿ ಇರಲಿಲ್ಲ. ಅಷ್ಟರಲ್ಲಿ ಪ್ಯಾರಿಸ್ಸಿನ ವೈದ್ಯಶಾಲೆ ಮಹಿಳೆಯರಿಗೆ ಪ್ರವೇಶ ಕೊಡಲು ಮುಂದಾಯಿತು. ಅಲ್ಲಿ ಪರೀಕ್ಷೆಗಳೆಲ್ಲ ಫ್ರೆಂಚಿನಲ್ಲಿ. ಬ್ಲ್ಯಾಕ್‌ಹೀತ್‌ನ ಶಾಲೆಯಲ್ಲಿ ಮಾತನಾಡಲು ಕಲಿತಿದ್ದ ಫ್ರೆಂಚನ್ನು ಆಕೆ ಮತ್ತೆ ಕುಳಿತು ಹದಗೊಳಿಸಿಕೊಂಡರು. ಅರೆತಲೆನೋವನ್ನು ಕುರಿತು ಫ್ರೆಂಚಿನಲ್ಲಿಯೇ ಪ್ರಬಂಧ ಬರೆದು 1870ರಲ್ಲಿ ಎಂ.ಡಿ. ಪದವಿ ಪಡೆದರು. ವಿಜ್ಞಾನವನ್ನು ಕಲಿಸದ ಶಾಲೆಯ ಮೇಲೆ ಆಕೆ ಮುನಿದದ್ದು ನ್ಯಾಯವೇ. ಆದರೆ ಅದೇ ಶಾಲೆ ಕಲಿಸಿದ ಒಂದು ಭಾಷೆ, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲವೆನಿಸುತ್ತಿದ್ದ ಒಂದು ವಿಷಯ, ಇಪ್ಪತ್ತು ವರ್ಷಗಳ ಬಳಿಕ ಕೈಹಿಡಿಯಿತು.

1871ರಲ್ಲಿ ಜೇಮ್ಸ್ ಸ್ಕೆಲ್ಟನ್ ಆಂಡರ್ಸನ್ ಅವರನ್ನು ವಿವಾಹವಾದರು, ಮದುವೆಯ ನಂತರವೂ ವೃತ್ತಿಯನ್ನು ಬಿಡಲಿಲ್ಲ. 1872ರಲ್ಲಿ ಆಕೆಯ ಔಷಧಾಲಯವು ಮಹಿಳೆಯರ ಆಸ್ಪತ್ರೆಯಾಗಿ ಬೆಳೆಯಿತು. ಹೆಚ್ಚಿನ ಓದು ಹೆಣ್ಣುಮಕ್ಕಳ ಆರೋಗ್ಯವನ್ನು ಕೆಡಿಸುತ್ತದೆಯೆಂದು ಹೆನ್ರಿ ಮಾಡ್ಸ್‌ಲೀ ಎಂಬ ಹೆಸರಾಂತ ವೈದ್ಯರು 1874ರಲ್ಲಿ ವಾದಿಸಿದಾಗ, ಎಲಿಜಬೆತ್ ಅದೇ ಪತ್ರಿಕೆಯಲ್ಲಿ ಉತ್ತರ ಬರೆದರು. ಹುಡುಗಿಯರನ್ನು ಕುಗ್ಗಿಸುವುದು ಓದಲ್ಲ, ಮಾಡಲು ಕೆಲಸವಿಲ್ಲದ ಬೇಸರ ಎಂಬುದು ಆಕೆಯ ವಾದದ ತಿರುಳಾಗಿತ್ತು. ಅದೇ ವರ್ಷ ಸೋಫಿಯಾ ಜೆಕ್ಸ್-ಬ್ಲೇಕ್ ಅವರ ಮುಂದಾಳುತನದಲ್ಲಿ ಮಹಿಳೆಯರಿಗಾಗಿ ಲಂಡನ್ ವೈದ್ಯಶಾಲೆ ಸ್ಥಾಪನೆಯಾಯಿತು. ಎಲಿಜಬೆತ್ ಅಲ್ಲಿ ಪಾಠ ಹೇಳಿದರು, 1883ರಿಂದ ಸುಮಾರು ಇಪ್ಪತ್ತು ವರ್ಷ ಅದರ ಡೀನ್ ಆಗಿದ್ದರು. ಒಮ್ಮೆ ಬಾಗಿಲು ಮುಚ್ಚಿದ್ದ ಲಂಡನ್ ವಿಶ್ವವಿದ್ಯಾನಿಲಯವೂ 1878ರಲ್ಲಿ ಮಹಿಳೆಯರಿಗೆ ಪದವಿ ಕೊಡಲು ಒಪ್ಪಿತು.

ಈ ವೈದ್ಯಶಾಲೆಗೂ ನಮ್ಮ ನಾಡಿಗೂ ಒಂದು ನಂಟಿದೆ. ಬಾಲ್ಯದಲ್ಲಾದ ಮದುವೆಯನ್ನು ಒಪ್ಪದೆ ಮುಂಬಯಿಯ ನ್ಯಾಯಾಲಯದಲ್ಲಿ ಹೋರಾಡಿದ ರಖ್ಮಾಬಾಯಿಯವರು ಮುಂದೆ ವೈದ್ಯಕೀಯ ಓದಿದ್ದು ಇಲ್ಲಿಯೇ, ಎಲಿಜಬೆತ್ ಡೀನ್ ಆಗಿದ್ದ ಕಾಲದಲ್ಲಿ. 1894ರಲ್ಲಿ ವ್ಯಾಸಂಗ ಮುಗಿಸಿ ಸ್ವದೇಶಕ್ಕೆ ಮರಳಿದ ಅವರು ಸೂರತ್ ಮತ್ತು ರಾಜಕೋಟಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದರು. ಆ ಕಾಲಕ್ಕೆ ಸೂರತ್, ನಮ್ಮ ಸೊಲ್ಲಾಪುರ, ವಿಜಾಪುರ, ಧಾರವಾಡಗಳೆಲ್ಲ ಒಂದೇ ಮುಂಬಯಿ ಪ್ರಾಂತದೊಳಗಿದ್ದವು.

ವೃದ್ಧಾಪ್ಯದಲ್ಲಿ ಆಲ್ಡ್‌ಬರೋಗೆ ಮರಳಿದ ಎಲಿಜಬೆತ್ 1908ರಲ್ಲಿ ಆ ಊರಿನ ಮೇಯರ್ ಆದರು. ಇಂಗ್ಲೆಂಡಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರೇ. 1917ರ ಡಿಸೆಂಬರ್ 17ರಂದು ಅಲ್ಲಿಯೇ ಕೊನೆಯುಸಿರೆಳೆದರು. ಅವರ ಮಗಳು ಲೂಯಿಸಾ ಕೂಡ ಶಸ್ತ್ರವೈದ್ಯೆಯಾಗಿ ಹೆಸರು ಗಳಿಸಿದರು.

ಈ ಕಥೆಯಿಂದ ನಮ್ಮ ಮಕ್ಕಳಿಗೆ ನಾನು ಹೇಳಬಯಸುವುದು ಇಷ್ಟೇ. ವೈದ್ಯಕೀಯ ವ್ಯಾಸಂಗದ ಬಾಗಿಲಲ್ಲಿ ಕೇಳುವ ವಿಷಯಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಅಂದು ಲ್ಯಾಟಿನ್ ಕೇಳಿದರು, ಇಂದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಕೇಳುತ್ತಾರೆ. ಆ ಬಾಗಿಲು ಏನು ಕೇಳುತ್ತದೆಂಬುದನ್ನು ಹತ್ತನೆಯ ತರಗತಿ ಮುಗಿಯುವುದರೊಳಗೆ ತಿಳಿದುಕೊಳ್ಳಿ. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಉಳಿದವು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ಸಮಪಾಲು. ಗಣಿತ ಕಡ್ಡಾಯವಲ್ಲ. ಆದರೂ ಭೌತಶಾಸ್ತ್ರದ ಲೆಕ್ಕಗಳಿಗೆ ಅದು ಆಸರೆ, ಮನಸ್ಸು ಬದಲಾದರೆ ಬೇರೆ ದಾರಿಗಳನ್ನೂ ತೆರೆದಿಡುತ್ತದೆ. ಶಕ್ತಿಯಿದ್ದವರು ನಾಲ್ಕನ್ನೂ ಇಟ್ಟುಕೊಳ್ಳಲಿ. ಹನ್ನೆರಡನೆಯ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ಉತ್ತೀರ್ಣರಾದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿತು. ಅದನ್ನು ಓದಿದ ದಿನ ನನಗೆ ಆ ಹುಡುಗನ ನೆನಪಾಯಿತು. ಅವನ ಪಾಲಿಗೆ ಅದು ಮೂರು ದಶಕ ತಡವಾಗಿ ಬಂದಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ಯಾರೂ ಅಳುಕಬೇಕಾಗಿಲ್ಲ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇದೆ. ಅದು ಬೇಕಾದವರು ಕರ್ನಾಟಕದೊಳಗಿನ ಪರೀಕ್ಷಾ ಕೇಂದ್ರವನ್ನು ಆರಿಸಿಕೊಳ್ಳಬೇಕೆಂಬುದನ್ನು ಗಡಿಯಾಚೆಯ ನಾವು ನೆನಪಿಡಬೇಕು. ಇಂಗ್ಲಿಷ್ ಪದಗಳು ಆರು ತಿಂಗಳ ದುಡಿಮೆಯಿಂದ ವಶವಾಗುತ್ತವೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ದಾದಿಯ ಕೆಲಸ ಮುಗಿಸಿ ಸಂಜೆ ಪಾಠಕ್ಕೆ ಕೂರುತ್ತಿದ್ದ ಎಲಿಜಬೆತ್ ಅವರನ್ನು ನೆನೆದರೆ ಅದು ದೊಡ್ಡ ಕೆಲಸವಲ್ಲ. ಹಾಗೆಯೇ ಈ ಶಾಲೆಯಲ್ಲಿ ಕಲಿತ ಕನ್ನಡವೂ ವ್ಯರ್ಥವಲ್ಲ. ನಮ್ಮ ಹಳ್ಳಿಗಳ ಅಜ್ಜಿಯರು ತಮ್ಮ ನೋವನ್ನು ಹೇಳಿಕೊಳ್ಳುವುದು ಈ ಭಾಷೆಯಲ್ಲಿಯೇ. ಅದನ್ನು ಕೇಳಿ ತಿಳಿಯಬಲ್ಲ ವೈದ್ಯರು ಈ ಶಾಲೆಯಿಂದ ಇನ್ನೂ ಹಲವರು ಹೊರಬರಲಿ.

ಶಾಲೆ ಶತಮಾನೋತ್ಸವವನ್ನು ಕಾಣಲೆಂದು ಹಾರೈಸುತ್ತೇನೆ. ಜೂನ್ ತಿಂಗಳಲ್ಲಿ ಅಂಕಪಟ್ಟಿ ಹಿಡಿದು ಬರುವವರಿಗೆ ನಮ್ಮ ಮನೆಯ ಬಾಗಿಲು ಈಗಲೂ ತೆರೆದಿದೆ. ಈಗ ನಾನು ಉತ್ತರ ಕೊಡುವ ಮೊದಲು ಮಗುವಿನ ಮನಸ್ಸಿನಲ್ಲಿ ಏನಿದೆಯೆಂದು ಕೇಳುತ್ತೇನೆ.