ತಿರುವೈಯಾರಿನ ಆರಾಧನೆ ಮತ್ತು ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ಪುಷ್ಯಮಾಸದ ಕೃಷ್ಣಪಕ್ಷವೆಂದರೆ ನಾದೋಪಾಸಕರಿಗೆ ಪರ್ವಕಾಲ. ಬಹುಳ ಪಂಚಮಿಯಂದು ಶ್ರೀ ತ್ಯಾಗರಾಜರ ಆರಾಧನೆ. ಅದಾಗಿ ಹತ್ತು ದಿನಗಳಿಗೆ, ಅಮಾವಾಸ್ಯೆಯಂದು, ಶ್ರೀ ಪುರಂದರದಾಸರ ಆರಾಧನೆ. ಈ ಎರಡು ಪುಣ್ಯದಿನಗಳು ಹೀಗೆ ಒಂದೇ ಪಕ್ಷದಲ್ಲಿ ಕೂಡಿಬಂದಿರುವುದು ಕಾಕತಾಳೀಯವೇ ಇರಬಹುದು. ಆದರೆ ಆ ಇಬ್ಬರ ಸಂಬಂಧ ಮಾತ್ರ ಕಾಕತಾಳೀಯವಲ್ಲ. ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದ ಆರಂಭದಲ್ಲಿ ಪುರಂದರದಾಸರನ್ನು ಸ್ಮರಿಸಿ ವಂದಿಸಿದ್ದಾರೆ. ದಾಸರಂತೆಯೇ ಅವರೂ ತಂಬೂರಿ ಹಿಡಿದು ಬೀದಿಯಲ್ಲಿ ಹರಿನಾಮ ಹಾಡುತ್ತ ಉಂಛವೃತ್ತಿಯಿಂದ ಜೀವನ ಸಾಗಿಸಿದವರು. ಆದುದರಿಂದ ತಿರುವೈಯಾರಿನ ಉತ್ಸವದ ವೃತ್ತಾಂತ ನಮ್ಮ ವಾಚಕರಿಗೆ ಪರಕೀಯವಾದುದೇನಲ್ಲ.

ಆ ಉತ್ಸವಕ್ಕೆ ಇಂದಿರುವ ನೆಲೆಯನ್ನು ಕಟ್ಟಿಕೊಟ್ಟವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಎಂಬ ಸಂಗತಿ ಮಾತ್ರ ಎಷ್ಟೋ ಮಂದಿಗೆ ತಿಳಿಯದು. ತಿಳಿದವರಿಗೂ ಹೆಸರು ಗೊತ್ತೇ ಹೊರತು, ತಾವು ಕಟ್ಟಿಸಿದ ಗುಡಿಯಲ್ಲಿ ಹಾಡುವುದಕ್ಕಾಗಿ ಅವರು ಎಷ್ಟು ವರ್ಷ ಕಾಯಬೇಕಾಯಿತೆಂಬುದು ಗೊತ್ತಿರುವುದಿಲ್ಲ.

ನಾಗರತ್ನಮ್ಮನವರು ಜನಿಸಿದುದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ತಂದೆ ಸುಬ್ಬರಾಯರು ವಕೀಲರು. ಮಗು ಚಿಕ್ಕದಿರುವಾಗಲೇ ಅವರು ತಾಯಿ ಮಕ್ಕಳ ಕೈಬಿಟ್ಟುದರಿಂದ, ಪುಟ್ಟಲಕ್ಷ್ಮಮ್ಮ ಮೈಸೂರಿಗೆ ಬಂದು ಗಿರಿಭಟ್ಟರ ತಿಮ್ಮಯ್ಯ ಎಂಬ ಪಂಡಿತರ ಆಶ್ರಯ ಪಡೆದರು. ಬಾಲಕಿಗೆ ಸಂಸ್ಕೃತ ಕಲಿಸಿದವರು ಅವರೇ. ಕಾವ್ಯ, ಅಮರ, ಸಂಗೀತ ಎಲ್ಲವೂ ಎಳೆಯ ನಾಲಗೆಗೆ ಹತ್ತಿದುವು. ಆದರೆ ಆ ಆಶ್ರಯವೂ ಬಹುಕಾಲ ಉಳಿಯಲಿಲ್ಲ. ಶಿಷ್ಯೆಯ ಏಳಿಗೆ ಗುರುವಿಗೆ ಸಹನೆಯಾಗಲಿಲ್ಲವೆಂದೂ, ಅವರಾಡಿದ ಕಟುವಾದ ಮಾತಿನಿಂದ ನೊಂದ ತಾಯಿ, ಮಗಳು ಮೈಸೂರಿನವರೇ ಮೆಚ್ಚುವಂಥ ವಿದುಷಿಯಾಗುವ ತನಕ ಆ ಊರಿಗೆ ಮರಳುವುದಿಲ್ಲವೆಂದು ಸಂಕಲ್ಪಿಸಿ ಹೊರಟರೆಂದೂ ಪ್ರತೀತಿ.

ಕಡೆಗೆ ನೆಲೆ ದೊರೆತುದು ಬೆಂಗಳೂರಿನಲ್ಲಿ, ಪಿಟೀಲು ವಿದ್ವಾಂಸರಾದ ಮುನಿಸ್ವಾಮಪ್ಪನವರ ಬಳಿ. ಮುನಿಸ್ವಾಮಪ್ಪನವರು ವಾಲಾಜಾಪೇಟೆಯ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಆ ಭಾಗವತರಾದರೋ ತ್ಯಾಗರಾಜರ ನೇರ ಶಿಷ್ಯಪರಂಪರೆಗೆ ಸೇರಿದವರು. ಹೀಗೆ ಬೆಂಗಳೂರಿನ ಒಂದು ಮನೆಯಲ್ಲಿ ಕುಳಿತೇ ಆ ಬಾಲಿಕೆಗೆ ತಿರುವೈಯಾರಿನ ವಾಕ್ಕು ದೊರೆಯಿತು. ಹದಿನಾಲ್ಕರ ವಯಸ್ಸಿಗೆ ತಾಯಿ ತೀರಿಕೊಂಡರು. ಅದರ ಮರುವರ್ಷದ ಹೊತ್ತಿಗೇ ವಿದ್ವಾಂಸರ ಸಭೆಯಲ್ಲಿ ಹಾಡಿ ಹೆಸರು ಪಡೆದರು. ಮುಂದೆ ಮೈಸೂರು ಅರಮನೆಯ ಮನ್ನಣೆ ದೊರೆತಾಗ ತಾಯಿಯ ಸಂಕಲ್ಪ ಈಡೇರಿತು. ನೋಡಲು ತಾಯಿ ಇರಲಿಲ್ಲ.

20ನೆಯ ಶತಮಾನದ ಆರಂಭದಲ್ಲಿ ಅವರು ಮದರಾಸಿಗೆ ತೆರಳಿದರು. ಗ್ರಾಮಾಫೋನ್ ತಟ್ಟೆಗಳು, ಊರೂರಿನ ಕಚೇರಿಗಳು, ಜಮೀನ್ದಾರರ ಮನೆಗಳ ಆಹ್ವಾನಗಳು ಇವುಗಳಿಂದ ಕೀರ್ತಿಯೂ ಐಶ್ವರ್ಯವೂ ಒಟ್ಟಿಗೇ ಬಂದುವು. ಆ ನಗರದಲ್ಲಿ ಆದಾಯ ತೆರಿಗೆ ಸಲ್ಲಿಸಿದ ಮೊದಲ ಕಲಾವಿದೆ ಅವರೇ ಎಂದು ಹೇಳುವ ವಾಡಿಕೆಯುಂಟು. ತೆಲುಗು, ಸಂಸ್ಕೃತ, ಕನ್ನಡ, ತಮಿಳು ಭಾಷೆಗಳು ಬಲ್ಲವರಾಗಿದ್ದುದರಿಂದ ಅವರ ಹಾಡಿಕೆಯಲ್ಲಿ ಸಾಹಿತ್ಯದ ಅಕ್ಷರ ಮಾಸುತ್ತಿರಲಿಲ್ಲ. 1910ರಲ್ಲಿ, ತಂಜಾವೂರು ಆಸ್ಥಾನದ ಕವಯಿತ್ರಿ ಮುದ್ದುಪಳನಿಯ ರಾಧಿಕಾ ಸಾಂತ್ವನವೆಂಬ ತೆಲುಗು ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಅದರ ಶೃಂಗಾರವನ್ನು ಕಂದುಕೂರಿ ವೀರೇಶಲಿಂಗಂ ಅವರಂಥ ಪ್ರಮುಖರು ಆಕ್ಷೇಪಿಸಿದ್ದರು. 1911ರಲ್ಲಿ ಸರ್ಕಾರ ಆ ಗ್ರಂಥವನ್ನು ನಿಷೇಧಿಸಿತು. ನಿಷೇಧ ತೆರವಾದುದು ಸ್ವಾತಂತ್ರ್ಯ ಬಂದ ಮೇಲೆಯೇ. ಕಾವ್ಯದ ಗುಣದೋಷ ವಿಚಾರ ಈ ಪುಟಗಳ ವ್ಯಾಪ್ತಿಗೆ ಸೇರಿದುದಲ್ಲ. ಒಬ್ಬ ಸ್ತ್ರೀ ಬರೆದಳೆಂಬ ಕಾರಣಕ್ಕೆ ಒಂದು ಗ್ರಂಥಕ್ಕೆ ಬೇರೆ ಅಳತೆಗೋಲು ಹಿಡಿಯಬಾರದೆಂಬುದು ಅವರ ವಾದವಾಗಿತ್ತು ಎಂಬಷ್ಟನ್ನು ಮಾತ್ರ ಇಲ್ಲಿ ನೆನೆಯಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

ಈಗ ತಿರುವೈಯಾರಿಗೆ ಬರೋಣ. ತಂಜಾವೂರಿಗೆ ಸುಮಾರು 13 ಕಿಲೋಮೀಟರ್ ದೂರದಲ್ಲಿ ಕಾವೇರಿಯ ದಡದ ಮೇಲಿರುವ ಚಿಕ್ಕ ಊರು ಇದು. ಐದು ನದಿಗಳ ಕ್ಷೇತ್ರವೆಂಬುದೇ ಆ ಹೆಸರಿನ ಅರ್ಥ, ಸಂಸ್ಕೃತದಲ್ಲಿ ಪಂಚನದವೆನ್ನುತ್ತಾರೆ. ತ್ಯಾಗರಾಜರು ತಮ್ಮ ಬಾಳಿನ ಬಹುಭಾಗವನ್ನು ಇಲ್ಲಿಯ ತಿರುಮಂಜನ ಬೀದಿಯ ಮನೆಯಲ್ಲಿ ಕಳೆದು, ಅಂತ್ಯಕಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1847ರ ಜನವರಿ 6ರಂದು ದೇಹ ಬಿಟ್ಟರು. ಯತಿಗಳಾದುದರಿಂದ ಅವರ ದೇಹವನ್ನು ನದಿಯ ತಡಿಯಲ್ಲಿ ಸಮಾಧಿ ಮಾಡಿದರು. ಗೃಹಸ್ಥರಿಗೆ ಶ್ರಾದ್ಧ, ಯತಿಗಳಿಗೆ ಆರಾಧನೆ ಎಂಬ ಕ್ರಮ ನಮ್ಮ ವಾಚಕರಿಗೆ ಹೊಸತಾಗಿ ಹೇಳಬೇಕಾದುದಲ್ಲ. ಗುರುಗಳ ವೃಂದಾವನಕ್ಕೆ ಮಠದ ಪರಂಪರೆಯಿದ್ದರೆ ನಿತ್ಯಪೂಜೆ ತಪ್ಪುವುದಿಲ್ಲ; ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಗಳು ಕಾಲಕಾಲಕ್ಕೆ ನಡೆಯುತ್ತವೆ. ತ್ಯಾಗರಾಜರ ಹಿಂದೆ ಮಠವಿರಲಿಲ್ಲ. ಶಿಷ್ಯರು ತಂತಮ್ಮ ಊರುಗಳಿಗೆ ಚದುರಿಹೋಗಿ ತಿಥಿಯನ್ನು ತಮ್ಮ ಮನೆಗಳಲ್ಲಿಯೇ ಆಚರಿಸುತ್ತಿದ್ದರು. ಇತ್ತ ಸಮಾಧಿಯ ಮೇಲೆ ಪೊದೆ ಬೆಳೆಯಿತು. 1903ರಲ್ಲಿ, ನೇರ ಶಿಷ್ಯರಲ್ಲಿ ಉಳಿದಿದ್ದ ವೃದ್ಧರಾದ ಉಮಯಾಳ್ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅಲ್ಲಿಗೆ ಹೋಗಿ ಅದನ್ನು ಜೀರ್ಣೋದ್ಧಾರ ಮಾಡಿ ಗುರುತಿನ ಕಲ್ಲು ಇರಿಸಿದರು.

ಅನಂತರ ಆರಾಧನೆಯೇನೋ ವರ್ಷಂಪ್ರತಿ ನಡೆಯತೊಡಗಿತು. ಆದರೆ ಉತ್ಸವ ಬೆಳೆದಂತೆ ಜಗಳವೂ ಬೆಳೆಯಿತು. ಹಣ ಯಾರು ಕೂಡಿಸಬೇಕು, ಯಾರ ಕಚೇರಿ ಯಾವಾಗ, ಅಧಿಕಾರ ಯಾರದು ಎಂಬ ತಕರಾರುಗಳಿಂದ ವಿದ್ವಾಂಸರಲ್ಲಿ ಎರಡು ಪಂಗಡಗಳಾದುವು. ಪೆರಿಯ ಕಚ್ಚಿ, ಚಿನ್ನ ಕಚ್ಚಿ ಎಂದು, ಎಂದರೆ ದೊಡ್ಡ ಪಕ್ಷ ಚಿಕ್ಕ ಪಕ್ಷಗಳೆಂದು, ಅವಕ್ಕೆ ಹೆಸರು. ಒಬ್ಬರೇ ಮಹಾತ್ಮರ ಆರಾಧನೆಗೆ ಒಂದೇ ಊರಿನಲ್ಲಿ ಎರಡು ಚಪ್ಪರ, ಎರಡು ಅಡಿಗೆ, ಎರಡು ವಂತಿಗೆ ಪಟ್ಟಿ. ಇಂಥ ನೋಟ ನಮ್ಮ ಊರುಗಳ ಉತ್ಸವ ಸಮಿತಿಗಳನ್ನು ಬಲ್ಲವರಿಗೆ ಅಷ್ಟೇನೂ ಅಪೂರ್ವವಲ್ಲ. ಒಂದು ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಿಗೂ ಏಕಾಭಿಪ್ರಾಯವಿತ್ತು: ಸ್ತ್ರೀಯರು ಸಮಾಧಿಯ ಸನ್ನಿಧಿಯಲ್ಲಿ ಹಾಡತಕ್ಕದ್ದಲ್ಲ. ಇಷ್ಟರ ನಡುವೆ ಉತ್ಸವದ ದಿನಗಳು ಮುಗಿದರೆ ಸಮಾಧಿಯನ್ನು ಕೇಳುವವರಿಲ್ಲ.

1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೊಂದು ಕಾಗದ ಬಂದಿತು. ಕೃಷ್ಣಪ್ಪನವರು ದೇವರನಾಮಗಳ ಗಾಯನಕ್ಕೆ ಹೆಸರಾದವರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರು ತಿರುವೈಯಾರಿಗೆ ಹೋಗಿ ಸಮಾಧಿಯ ದುಃಸ್ಥಿತಿಯನ್ನು ಕಣ್ಣಾರೆ ಕಂಡು, ಅದನ್ನು ಉದ್ಧರಿಸಬೇಕೆಂದು ಬರೆದಿದ್ದರು. ಸ್ವಪ್ನದಲ್ಲಿ ತ್ಯಾಗರಾಜರ ದರ್ಶನವಾಗಿ ಅವರಿಗೆ ಪ್ರೇರಣೆಯಾಯಿತೆಂದು ಭಕ್ತರು ಹೇಳುತ್ತಾರೆ. ಆಗ ಅವರ ವಯಸ್ಸು ನಲವತ್ತೆರಡು. ಮಕ್ಕಳಿರಲಿಲ್ಲ. ಸಂಪಾದಿಸಿದ ಐಶ್ವರ್ಯಕ್ಕೆ ಅಂದಿನಿಂದ ಒಂದು ದಾರಿ ದೊರೆಯಿತು.

ಅವರು ಚಂದಾ ಎತ್ತಲು ಹೊರಡಲಿಲ್ಲ. ಸಮಾಧಿಯ ಸುತ್ತಲಿನ ನೆಲ ಇತರರ ಸ್ವಾಧೀನದಲ್ಲಿದ್ದುದರಿಂದ ಮೊದಲು ಅದನ್ನು ಬಿಡಿಸಿಕೊಳ್ಳುವ ಕೆಲಸ. ಆಮೇಲೆ ಪೊದೆ ಕಡಿಸಿ ಅಡಿಪಾಯ ಹಾಕಿಸುವ ಕೆಲಸ. ಒಡವೆಗಳು ಒಂದೊಂದಾಗಿ ಕರಗಿದುವು. 1921ರಲ್ಲಿ ಆರಂಭವಾದ ಕಟ್ಟಡ ಮುಗಿದು 1925ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು. ಸಮಾಧಿಯ ಮುಂದೆ ತ್ಯಾಗರಾಜರ ಶಿಲಾವಿಗ್ರಹ, ಮೇಲೆ ಗುಡಿ, ನಿತ್ಯಪೂಜೆಗೆ ಅರ್ಚಕರ ಏರ್ಪಾಡು ಎಲ್ಲವೂ ಅವರ ಸ್ವಂತ ಖರ್ಚಿನಲ್ಲಿ ಆದುವು. ಎರಡೂ ಪಕ್ಷಗಳವರು ಗುಡಿ ಕಟ್ಟುವುದಕ್ಕೆ ಅಡ್ಡಿ ಮಾಡಲಿಲ್ಲ. ಅದರೊಳಗೆ ಹಾಡುತ್ತೇನೆಂದಾಗ ಮಾತ್ರ ಒಪ್ಪಲಿಲ್ಲ. ಗುಡಿ ಕಟ್ಟಲು ಹೆಂಗಸಿನ ಹಣವಾಗುತ್ತದೆ, ಅಲ್ಲಿ ದೇವರಿಗೆ ಹೆಂಗಸಿನ ಕಂಠ ಆಗುವುದಿಲ್ಲ ಎಂಬ ಈ ನ್ಯಾಯಕ್ಕೆ ಯಾವ ಶಾಸ್ತ್ರದ ಆಧಾರವನ್ನು ತೋರಿಸುತ್ತಿದ್ದರೋ ನಾವರಿಯೆವು.

ನಾಗರತ್ನಮ್ಮನವರು ಗುಡಿಗೆ ಬೀಗ ಹಾಕಿ ಕೂರಬಹುದಾಗಿತ್ತು. ಮದರಾಸಿಗೆ ಹಿಂತಿರುಗಿ ಮರೆತುಬಿಡಬಹುದಾಗಿತ್ತು. ಎರಡನ್ನೂ ಮಾಡದೆ 1927ರಲ್ಲಿ ಮೂರನೆಯ ಪಕ್ಷವನ್ನೇ ಕಟ್ಟಿದರು. ಜನ ಅದನ್ನು ಪೆಣ್ಗಳ್ ಕಚ್ಚಿ, ಹೆಂಗಸರ ಪಕ್ಷ, ಎಂದು ಕರೆದರು. ಅನೇಕ ದೇವದಾಸಿ ಕಲಾವಿದೆಯರು ಅವರ ಕರೆಗೆ ಓಗೊಟ್ಟು ಬಂದರು. ಪುರುಷರ ಎರಡು ಗೋಷ್ಠಿಗಳು ಒಂದೆಡೆ ನಡೆಯುತ್ತಿದ್ದರೆ, ಗುಡಿಯ ಹಿಂಬದಿಯ ಜಾಗದಲ್ಲಿ ಈ ಸ್ತ್ರೀಯರ ಆರಾಧನೆ ನಡೆಯತೊಡಗಿತು. ಅದೇ 1927ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಮದರಾಸಿನ ಶಾಸನಸಭೆಯಲ್ಲಿ ಪ್ರಯತ್ನ ಕೈಗೊಂಡಾಗ, ಇಡೀ ಕುಲಕ್ಕೆ ಕಳಂಕ ಹಚ್ಚಬಾರದು, ತಮ್ಮಲ್ಲಿನ ವಿದ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದವರ ಮುಂಚೂಣಿಯಲ್ಲಿಯೂ ಅವರು ಇದ್ದರು. ಆ ಪದ್ಧತಿಯಿಂದ ನೊಂದವರ ಸಂಖ್ಯೆ ದೊಡ್ಡದು; ಕಾನೂನು ಬೇಕಾಗಿಯೇ ಇತ್ತು, 1947ರಲ್ಲಿ ಬಂದಿತು. ಆದರೂ ಆ ಕುಲದವರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಬೇಕೆಂದು ನಿಂತವರ ಧೈರ್ಯ ಸಾಮಾನ್ಯವಾದುದಲ್ಲ.

ಹೀಗೆ ಹದಿಮೂರು ಹದಿನಾಲ್ಕು ವರ್ಷಗಳು ಒಂದೇ ಗುಡಿಯ ಸುತ್ತ ಮೂರು ಆರಾಧನೆಗಳು ನಡೆದುವು. ವಿದ್ವಾಂಸರಲ್ಲಿಯೂ ಅಧಿಕಾರಿಗಳಲ್ಲಿಯೂ ಇದು ಸರಿಯಲ್ಲವೆಂದು ಬೇಸತ್ತವರಿದ್ದರು. ಐ.ಸಿ.ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿ, ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರ ಪ್ರಯತ್ನದಿಂದ 1940–41ರ ಸುಮಾರಿಗೆ ಮೂರು ಪಕ್ಷಗಳೂ ಕೂಡಿದುವು. ಒಂದೇ ಉತ್ಸವ, ಒಂದೇ ಚಪ್ಪರ; ಸ್ತ್ರೀಯರಿಗೂ ಹಾಡುವ ಅವಕಾಶ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳ ಪಂಚರತ್ನ ಕೃತಿಗಳನ್ನು ವಿದ್ವಾಂಸರೆಲ್ಲ ಒಟ್ಟಿಗೆ ಕುಳಿತು ಒಕ್ಕೊರಲಿನಿಂದ ಹಾಡುವ ಕ್ರಮ ಗಟ್ಟಿಯಾಗಿ ನೆಲೆನಿಂತುದೂ ಈ ಏಕೀಕರಣದಿಂದಲೇ. ಇಂದು ಕರ್ನಾಟಕದ ಊರೂರಿನ ರಾಮಮಂದಿರಗಳಲ್ಲಿ, ಗಾಯನ ಸಮಾಜಗಳಲ್ಲಿ ಪುಷ್ಯ ಬಹುಳ ಪಂಚಮಿಯಂದು ಹಿರಿಯರೂ ಕಿರಿಯರೂ, ಹೆಂಗಸರೂ ಗಂಡಸರೂ ಸಾಲಾಗಿ ಕುಳಿತು ಗೋಷ್ಠಿಗಾನ ಮಾಡುವುದನ್ನು ನೋಡಿದಾಗ ಅದು ತ್ಯಾಗರಾಜರ ಕಾಲದಿಂದಲೂ ಬಂದ ಸಂಪ್ರದಾಯವೆಂದೇ ತೋರುತ್ತದೆ. ವಾಸ್ತವವಾಗಿ ಅದಕ್ಕಿನ್ನೂ ನೂರು ವರ್ಷ ತುಂಬಿಲ್ಲ.

ಕೊನೆಗಾಲದಲ್ಲಿ ನಾಗರತ್ನಮ್ಮನವರು ಮದರಾಸಿನ ವೈಭವವನ್ನು ತೊರೆದು ತಿರುವೈಯಾರಿನಲ್ಲಿಯೇ ನೆಲಸಿ ಸರಳ ಜೀವನ ನಡೆಸಿದರು. ಗಾನಕಲಾ ವಿಶಾರದೆ, ವಿದ್ಯಾಸುಂದರಿ ಮುಂತಾದ ಬಿರುದುಗಳು ಬಂದಿದ್ದುವು. ಅವರಿಗೆ ಹೆಚ್ಚು ಪ್ರಿಯವಾದುದು ತ್ಯಾಗ ಸೇವಾಸಕ್ತೆ ಎಂಬುದು. ಉಳಿದ ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟು ಉಯಿಲು ಬರೆದಿಟ್ಟರು. ಅದರಲ್ಲಿ, ದೇವದಾಸಿಯರೂ ಸೇರಿದಂತೆ ಸ್ತ್ರೀಯರಿಗೆ ಅಲ್ಲಿ ಪೂಜಿಸಲು, ಹಾಡಲು ಪುರುಷರಷ್ಟೇ ಹಕ್ಕಿರಬೇಕೆಂಬ ಷರತ್ತನ್ನು ಸೇರಿಸಲು ಮರೆಯಲಿಲ್ಲ. 1952ರ ಮೇ 19ರಂದು ಅವರು ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಸಮೀಪದಲ್ಲಿಯೇ ಅವರಿಗೂ ಸಮಾಧಿಯಾಯಿತು.

ನಂಜನಗೂಡಿನ ಕಪಿಲೆಯ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಹರಿದು ಹರಿದು, ತಿರುವೈಯಾರಿನ ಆ ದಡವನ್ನು ಮುಟ್ಟುತ್ತದೆ. ಆರಾಧನೆಯ ಬೆಳಿಗ್ಗೆ ತಿರುಮಂಜನ ಬೀದಿಯ ಮನೆಯಿಂದ ಉಂಛವೃತ್ತಿ ಭಜನೆಯ ಮೆರವಣಿಗೆ ಹೊರಟು ಸಮಾಧಿಗೆ ಬರುತ್ತದೆ. ಅಭಿಷೇಕ ನಡೆಯುತ್ತಿರುವಂತೆ ಗೋಷ್ಠಿಗಾನ ಸಾಗುತ್ತದೆ. ಅಲ್ಲಿಗೆ ಹೋಗುವ ನಮ್ಮ ವಾಚಕರು ಗುಡಿಯ ದರ್ಶನ ಮುಗಿಸಿ ಹಿಂದಿರುಗಿ ನೋಡಿದರೆ, ತ್ಯಾಗರಾಜರ ಸನ್ನಿಧಿಯ ಕಡೆಗೇ ಮುಖ ಮಾಡಿ ಕೈಮುಗಿದು ಕುಳಿತಿರುವ ನಾಗರತ್ನಮ್ಮನವರ ಪ್ರತಿಮೆಯನ್ನು ಕಾಣಬಹುದು.