ಸಾಕ್ಷಿಯೊಬ್ಬ ಬದುಕಿ ಬಂದ ಕಾರಣ

ಶೌರ್ಯ ಪದಕಗಳ ಪಟ್ಟಿಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಆಂಡ್ರ್ಯೂ ಮಿನಾರ್ಸ್ಕಿಯ ಹೆಸರಿನ ಬಳಿ ನಿಲ್ಲುತ್ತದೆ. ಶತ್ರುವನ್ನು ಕೊಂದು ಹೆಸರಾದವನಲ್ಲ ಆತ. ಗೆಳೆಯನನ್ನು ಉಳಿಸಲು ಹೋಗಿ, ಉಳಿಸಲಾಗದೆ ಮಡಿದವನು.

ಪೋಲೆಂಡಿನಿಂದ ವಲಸೆ ಬಂದ ದಂಪತಿಯ ಮಗನಾಗಿ 1916ರಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಜನಿಸಿದ ಮಿನಾರ್ಸ್ಕಿ, ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡ. ಚರ್ಮ ಕತ್ತರಿಸುವ ಕೆಲಸ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟ. 1941ರಲ್ಲಿ ವಾಯುಪಡೆ ಸೇರಿ, ಇಂಗ್ಲೆಂಡಿನಲ್ಲಿ ನೆಲೆಗೊಂಡಿದ್ದ ಕೆನಡಾದ 419ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಗನ್ನರ್ ಆದ. ಅದೇ ವಿಮಾನದ ಬಾಲದಲ್ಲಿ ಕೂರುತ್ತಿದ್ದ ಗನ್ನರ್ ಪ್ಯಾಟ್ ಬ್ರೋಫಿ ಆತನ ಆಪ್ತ. ಬ್ರೋಫಿ ಅಧಿಕಾರಿಯಾಗಿದ್ದುದರಿಂದ, ರಾತ್ರಿ ಬೀಳ್ಕೊಡುವಾಗ ಮಿನಾರ್ಸ್ಕಿ ತಮಾಷೆಗೆ ಸೆಲ್ಯೂಟ್ ಹೊಡೆಯುವುದು ವಾಡಿಕೆಯಾಗಿತ್ತು.

1944ರ ಜೂನ್ 12ರ ರಾತ್ರಿ ಆ ವಿಮಾನ ಉತ್ತರ ಫ್ರಾನ್ಸ್‌ನ ಕಾಂಬ್ರೇ ರೈಲು ಯಾರ್ಡ್‌ನತ್ತ ಹೊರಟಿತು. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದು ಆಗಿನ್ನೂ ಆರು ದಿನ. ದಾರಿಯಲ್ಲಿ ಜರ್ಮನ್ ಯುದ್ಧವಿಮಾನವೊಂದರ ಗುಂಡಿಗೆ ಎಡರೆಕ್ಕೆಯ ಎರಡೂ ಎಂಜಿನ್‌ಗಳು ನಿಂತವು, ಬೆಂಕಿ ಹೊತ್ತಿಕೊಂಡಿತು. ಎಲ್ಲರೂ ಜಿಗಿಯುವಂತೆ ಪೈಲಟ್ ಆಜ್ಞೆಯಿತ್ತ. ಬಾಗಿಲ ಬಳಿ ಬಂದಿದ್ದ ಮಿನಾರ್ಸ್ಕಿಗೆ, ಕೆಟ್ಟುನಿಂತ ಬಂದೂಕುಗೂಡಿನೊಳಗೆ ಬ್ರೋಫಿ ಸಿಕ್ಕಿಬಿದ್ದಿರುವುದು ಕಂಡಿತು. ಜಿಗಿಯಬಹುದಾಗಿದ್ದವನು ಉರಿಯ ನಡುವೆ ತೆವಳಿಕೊಂಡು ಗೆಳೆಯನತ್ತ ಹೋದ. ಕೊಡಲಿಯಿಂದ ಹೊಡೆದ, ಬರಿಗೈಯಿಂದ ಎಳೆದ. ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ಹೋಗಿಬಿಡು ಎಂದು ಬ್ರೋಫಿ ಸನ್ನೆ ಮಾಡಿದ ಮೇಲೆ, ಆತನತ್ತಲೇ ಮುಖಮಾಡಿ ಹಿಂದೆ ಸರಿದು, ನೆಟ್ಟಗೆ ನಿಂತು ಸೆಲ್ಯೂಟ್ ಮಾಡಿ ಜಿಗಿದ. ನೆಲದಲ್ಲಿದ್ದ ಫ್ರೆಂಚರು ಕಂಡದ್ದು ಉರಿಯುತ್ತ ಇಳಿದ ಮನುಷ್ಯನನ್ನು. ಸುಟ್ಟಗಾಯಗಳಿಂದ ಆತ ಸ್ವಲ್ಪ ಹೊತ್ತಿನಲ್ಲೇ ಕೊನೆಯುಸಿರೆಳೆದ. ವಯಸ್ಸು 27.

ವಿಚಿತ್ರವೆಂದರೆ ಬ್ರೋಫಿ ಸಾಯಲಿಲ್ಲ. ನೆಲಕ್ಕಪ್ಪಳಿಸಿದ ವಿಮಾನದಿಂದ ಹೊರಗೆಸೆಯಲ್ಪಟ್ಟು ಬದುಕುಳಿದ. ಏಳು ಮಂದಿಯ ತಂಡದಲ್ಲಿ ಸತ್ತವನು ಮಿನಾರ್ಸ್ಕಿ ಒಬ್ಬನೇ. ಬ್ರೋಫಿ ಇಂಗ್ಲೆಂಡಿಗೆ ಮರಳಿ ನಡೆದುದನ್ನು ಹೇಳದಿದ್ದರೆ, ಅದು ಯಾರಿಗೂ ತಿಳಿಯುತ್ತಿರಲಿಲ್ಲ. 1946ರಲ್ಲಿ ಮಿನಾರ್ಸ್ಕಿಗೆ ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಸಂದಿತು.

ಆ ಯುದ್ಧದ ಬಾಂಬ್ ದಾಳಿಗಳನ್ನು ನಾನು ವೈಭವೀಕರಿಸಲಾರೆ. ಅವುಗಳಿಂದ ಸುಟ್ಟುಹೋದ ನಗರಗಳ ನಾಗರಿಕರನ್ನು ಮರೆಯುವಂತಿಲ್ಲ. ಆದರೆ ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಮಡಿದ 55,573 ಮಂದಿಯನ್ನು ನೆನೆದಾಗ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಇಡೀ ತಂಡವೇ ಬೂದಿಯಾದ ಎಷ್ಟು ವಿಮಾನಗಳಲ್ಲಿ, ಯಾರು ಯಾರಿಗಾಗಿ ಬೆಂಕಿಗೆ ಕೈಯೊಡ್ಡಿದ್ದರೋ? ಅದನ್ನು ಹೇಳಲು ಅಲ್ಲಿಂದ ಯಾರೂ ಮರಳಲಿಲ್ಲ. ಮಿನಾರ್ಸ್ಕಿಯ ಪದಕವನ್ನು ನಾನು ಅವರೆಲ್ಲರ ಪರವಾಗಿಯೂ ಸಂದದ್ದೆಂದೇ ಭಾವಿಸುತ್ತೇನೆ.