ಟಿಪ್ಪು ಸುಲ್ತಾನ್ ಮತ್ತು ಕಬ್ಬಿಣದ ಬಾಣ

ಈ ವರ್ಷ ನಮ್ಮ ಕನ್ನಡ ತರಗತಿಯ ಮಕ್ಕಳ ಜೊತೆ ನಾವು ಒಂದು ಪುಟ್ಟ ರಾಕೆಟ್ ಕಟ್ಟಿ ಹಾರಿಸಿದೆವು. ಅಂಗಡಿಯಲ್ಲಿ ಸಿಗುವ ಎಸ್ಟೆಸ್ ಕಿಟ್ ಅದು. ಕಾಗದದ ಒಂದು ಕೊಳವೆ, ಪ್ಲಾಸ್ಟಿಕ್ಕಿನ ಮೂತಿ, ತೆಳುವಾದ ಬಾಲ್ಸಾ ಮರದ ರೆಕ್ಕೆಗಳು, ಮಡಿಚಿ ಒಳಗಿಡುವ ಪ್ಯಾರಾಚೂಟ್. ರೆಕ್ಕೆಗಳ ಅಂಟು ಒಣಗಲು ಒಂದು ಶನಿವಾರ, ಬಣ್ಣ ಒಣಗಲು ಇನ್ನೊಂದು ಶನಿವಾರ ಹಿಡಿಯಿತು. ಕೊಳವೆಯ ಮೈಮೇಲೆ ಮಕ್ಕಳೆಲ್ಲ ತಮ್ಮ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು. ಒತ್ತಕ್ಷರಗಳನ್ನು ಅಷ್ಟು ಶ್ರದ್ಧೆಯಿಂದ ಬರೆದದ್ದನ್ನು ನಾವು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

ಶಿಕಾಗೋ ಸುತ್ತಮುತ್ತ ಗಾಳಿಯಿಲ್ಲದ ದಿನವನ್ನು ಹುಡುಕುವುದೇ ದೊಡ್ಡ ಕೆಲಸ. ಕೊನೆಗೆ ಒಂದು ಬೆಳಿಗ್ಗೆ ಅನುಮತಿ ಪಡೆದ ಬಯಲಿನಲ್ಲಿ ಸೇರಿದೆವು. ಡೆಟ್ರಾಯಿಟ್ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಮಕ್ಕಳೂ ಇದ್ದರು. ರಾಕೆಟ್ಟಿನಿಂದ 15 ಅಡಿ ದೂರ ನಿಂತು, ಕನ್ನಡದಲ್ಲೇ ಐದರಿಂದ ಹಿಮ್ಮುಖವಾಗಿ ಎಣಿಸಿ, ಗುಂಡಿ ಒತ್ತಿದೆವು. ಮೊದಲ ಸಲ ಅದು ನೆಟ್ಟಗೆ ಏರಿ, ಪ್ಯಾರಾಚೂಟ್ ಬಿಚ್ಚಿಕೊಂಡು, ನಮ್ಮ ಕಾಲ ಬಳಿಯೇ ಎಂಬಂತೆ ಇಳಿಯಿತು. ಎರಡನೆಯ ಸಲ ಗಾಳಿ ಎದ್ದು, ನಮ್ಮ ರಾಕೆಟ್ ಒಂದು ಮೇಪಲ್ ಮರದ ತುದಿಗೆ ಹೋಗಿ ಸಿಕ್ಕಿಕೊಂಡಿತು. ತಪ್ಪು ನಮ್ಮದೇ. ಒಂದು ಹಾರಾಟಕ್ಕೆ ತೃಪ್ತಿಪಟ್ಟು ಮನೆಗೆ ಹೋಗಬೇಕಿತ್ತು.

ಮರದ ಕೆಳಗೆ ತಲೆಯೆತ್ತಿ ನಿಂತಿದ್ದಾಗ ಒಂದು ಮಗು, ನಮ್ಮ ಕರ್ನಾಟಕದಲ್ಲಿ ಹಿಂದೆ ಯಾರಾದರೂ ರಾಕೆಟ್ ಮಾಡಿದ್ದರೇ ಎಂದು ಕೇಳಿತು. ಮಂಡ್ಯದಿಂದ ಬಂದಿದ್ದ ಒಬ್ಬ ಅಜ್ಜಿ ಟಿಪ್ಪುವಿನ ಹೆಸರು ಹೇಳಿದರು. ಆ ಹೆಸರು ಕೇಳಿದೊಡನೆ ದೊಡ್ಡವರಲ್ಲಿ ಎರಡು ಪಕ್ಷಗಳಾದವು. ನಮ್ಮ ಶಾಲೆಗೆ ಶ್ರೀರಂಗಪಟ್ಟಣದ ಆಸುಪಾಸಿನವರ ಮಕ್ಕಳು ಬರುತ್ತಾರೆ. ಕೊಡಗಿನವರ ಮಕ್ಕಳು, ಮಂಗಳೂರಿನ ಕ್ರೈಸ್ತ ಕುಟುಂಬಗಳ ಮಕ್ಕಳೂ ಬರುತ್ತಾರೆ. ಈ ಲೇಖನ ಬರೆಯುವುದೇ ಬೇಡ ಎಂದವರೂ ಉಂಟು. ಆದರೆ ಮಗು ಕೇಳಿದ ಪ್ರಶ್ನೆಗೆ ಉತ್ತರ ಇರುವಾಗ ಅದನ್ನು ಮುಚ್ಚಿಡುವುದು ನಮಗೆ ಸರಿ ಕಾಣಲಿಲ್ಲ. ಉತ್ತರದ ಅರ್ಧವನ್ನಷ್ಟೇ ಹೇಳುವುದೂ ಸರಿ ಕಾಣಲಿಲ್ಲ.

ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ. ಇಂದು ನಾವು ಊರಿಗೆ ಹೋದಾಗ ವಿಮಾನ ಇಳಿಯುವ ಜಾಗದ ಪಕ್ಕದಲ್ಲೇ ಅವನು ಹುಟ್ಟಿದ ಊರಿದೆ. ತಂದೆ ಹೈದರ್ ಅಲಿ ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರುತ್ತಾ ಬಂದು, ಕೊನೆಗೆ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಮಗನಿಗೆ ಮಾತ್ರ ಚೆನ್ನಾಗಿ ಓದಿಸಿದ. ಕುದುರೆ ಸವಾರಿ, ಕತ್ತಿವರಸೆಗಳ ಜೊತೆ ಯುದ್ಧಶಾಸ್ತ್ರವನ್ನೂ ಕಲಿಸಿದ. ಈಸ್ಟ್ ಇಂಡಿಯಾ ಕಂಪನಿಯೊಡನೆ ಮೈಸೂರು ಮಾಡಿದ ಮೊದಲ ಯುದ್ಧದಲ್ಲಿ, 1767ರಲ್ಲಿ, ಇನ್ನೂ ಹದಿನೇಳು ದಾಟದ ಈ ಹುಡುಗ ಕುದುರೆ ದಳದೊಂದಿಗೆ ಮದರಾಸಿನ ಹೊರವಲಯದವರೆಗೂ ನುಗ್ಗಿ ಬಂದಿದ್ದ.

ಇನ್ನು ರಾಕೆಟ್ ವಿಷಯ. ಅದನ್ನು ಟಿಪ್ಪುವೇ ಕಂಡುಹಿಡಿದ ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಮದ್ದು ತುಂಬಿದ ಬಾಣಗಳು ಚೀನಾದಲ್ಲಿ ಅದಕ್ಕೂ ನೂರಾರು ವರ್ಷ ಮೊದಲೇ ಇದ್ದವು, ನಮ್ಮ ದೇಶದಲ್ಲೂ ಇದ್ದವು. ದೀಪಾವಳಿಯಲ್ಲಿ ನಾವು ಬಾಣಬಿರುಸು ಎನ್ನುವಾಗ ಅದೇ ಬಾಣವನ್ನು ನೆನೆಯುತ್ತೇವೆ. ಮೈಸೂರಿನವರು ಹೊಸದಾಗಿ ಮಾಡಿದ್ದು ಕೊಳವೆಯನ್ನು. ಕಾಗದದ ಅಥವಾ ಬಿದಿರಿನ ಕೊಳವೆಗೆ ಮದ್ದನ್ನು ಬಿಗಿಯಾಗಿ ತುಂಬಿದರೆ ಅದು ಒಡೆದುಹೋಗುತ್ತದೆ. ಬಡಿದು ಹದಮಾಡಿದ ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆಯುತ್ತದೆ. ಒಳಗೆ ಒತ್ತಡ ಹೆಚ್ಚಿದಷ್ಟೂ ಬಿಸಿ ಅನಿಲ ಹಿಂದಿನ ತೂತಿನಿಂದ ಜೋರಾಗಿ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಅಷ್ಟೇ ಜೋರಾಗಿ ಚಿಮ್ಮುತ್ತದೆ. ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಸಂಗ್ರಹಕ್ಕೆ ಸೇರಿದ್ದ ಮೈಸೂರಿನ ಒಂದು ರಾಕೆಟ್ಟಿನ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ದಪ್ಪ ಇತ್ತು. ಅದಕ್ಕೆ ಒಂದು ಮೀಟರ್ ಉದ್ದದ ಕತ್ತಿಯನ್ನೇ ಕಟ್ಟಿದ್ದರು. ಇನ್ನೊಂದಕ್ಕೆ ಸುಮಾರು ಎರಡು ಮೀಟರ್ ಉದ್ದದ ಬಿದಿರಿನ ಗಳು ಕಟ್ಟಿತ್ತು. ನಮ್ಮ ಕಿಟ್ಟಿನಲ್ಲಿ ರೆಕ್ಕೆಗಳು ಮಾಡುವ ಕೆಲಸವನ್ನೇ ಆ ಬಿದಿರು ಮಾಡುತ್ತಿತ್ತು: ಹಾರುವಾಗ ಮೂತಿ ಅತ್ತಿತ್ತ ತಿರುಗದಂತೆ ನೋಡಿಕೊಳ್ಳುವುದು. ಇಂಥ ರಾಕೆಟ್ ಒಂದು ಕಿಲೋಮೀಟರಿಗೂ ಮೀರಿ ಹಾರುತ್ತಿತ್ತು.

ಹೋಲಿಕೆಗೆ ಹೇಳುವುದಾದರೆ, ನಾವು ಬಳಸಿದ ಎಂಜಿನ್ನಿನ ಮೇಲೆ ಎ8-3 ಎಂದು ಬರೆದಿತ್ತು. ಎ ಎಂಬುದು ಒಟ್ಟು ಶಕ್ತಿಯ ವರ್ಗ, 8 ಎಂದರೆ ಸರಾಸರಿ ಎಂಟು ನ್ಯೂಟನ್ ತಳ್ಳುವ ಬಲ, 3 ಎಂದರೆ ಉರಿ ಮುಗಿದ ಮೂರು ಸೆಕೆಂಡಿನ ನಂತರ ಪ್ಯಾರಾಚೂಟ್ ಹೊರದೂಡುವ ಮದ್ದು ಸಿಡಿಯುತ್ತದೆ ಎಂದು. ಟಿಪ್ಪುವಿನ ರಾಕೆಟ್ಟಿಗೆ ಪ್ಯಾರಾಚೂಟ್ ಇರಲಿಲ್ಲ. ಅದನ್ನು ಮರಳಿ ಪಡೆಯುವ ಯೋಚನೆ ಯಾರಿಗೂ ಇರಲಿಲ್ಲ ಎಂಬುದನ್ನು ಮಕ್ಕಳು ತಾವೇ ಗ್ರಹಿಸಿ ಸ್ವಲ್ಪ ಹೊತ್ತು ಸುಮ್ಮನಾದರು.

ಹೈದರನ ಸೈನ್ಯದಲ್ಲಿ ಸುಮಾರು 1,200 ಮಂದಿ ರಾಕೆಟ್ ಸಿಪಾಯಿಗಳಿದ್ದರು. ಟಿಪ್ಪುವಿನ ಕಾಲಕ್ಕೆ ಅದು 5,000ದವರೆಗೆ ಏರಿತು ಎಂದು ಅಂದಾಜು. ಎಷ್ಟು ದೂರಕ್ಕೆ ಯಾವ ಗಾತ್ರದ ಕೊಳವೆ, ಎಷ್ಟು ಓರೆಯಾಗಿ ಹಿಡಿಯಬೇಕು ಎಂದು ಈ ಸಿಪಾಯಿಗಳಿಗೆ ತರಬೇತಿ ಕೊಡುತ್ತಿದ್ದರು. ಬೆಂಗಳೂರಿನ ಪೇಟೆಯಲ್ಲಿ ತಾರಾಮಂಡಲಪೇಟೆ ಎಂಬ ಜಾಗವಿದೆ. ರಾಕೆಟ್ ಮಾಡುವವರು ಇದ್ದುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ನಾವು ಓದಿದ ಪುಸ್ತಕಗಳಲ್ಲಿ ರಾಜರ, ಸೇನಾಪತಿಗಳ ಹೆಸರುಗಳಿವೆ. ಕುಲುಮೆಯಲ್ಲಿ ಕೂತು ಆ ಕೊಳವೆಗಳನ್ನು ಬಡಿದವರ ಹೆಸರು ಒಂದೂ ಸಿಗಲಿಲ್ಲ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ಟಿಪ್ಪು ಅಡ್ಡಗಟ್ಟಿದ. ಹೈದರ್ ಬಂದು ಸೇರಿಕೊಂಡ. ಕಾಳಗದ ನಡುವೆ ಕಂಪನಿಯ ಮದ್ದಿನ ಬಂಡಿಗಳು ಸಿಡಿದವು. ರಾಕೆಟ್ಟಿನ ಬೆಂಕಿಯಿಂದಲೇ ಎಂದು ಬಹಳ ಮಂದಿ, ಫಿರಂಗಿಯ ಗುಂಡಿನಿಂದ ಎಂದು ಕೆಲವರು ಬರೆದಿದ್ದಾರೆ. ಹೇಗೇ ಆಗಲಿ, ಕಂಪನಿಯ ಸೈನ್ಯಕ್ಕೆ ಅಲ್ಲಿಯವರೆಗೆ ಭಾರತದಲ್ಲಿ ಅಂಥ ಸೋಲು ಆಗಿರಲಿಲ್ಲ. ಬೈಲಿ ಸೆರೆಸಿಕ್ಕಿ, 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಕಾಳಗದ ದೊಡ್ಡ ಚಿತ್ರವಿದೆ. ಊರಿಗೆ ಹೋದಾಗ ಅದರ ಮುಂದೆ ಅವಸರ ಮಾಡದೆ ನಿಂತು, ಸಿಡಿಯುತ್ತಿರುವ ಬಂಡಿಯನ್ನು ಮಕ್ಕಳಿಗೆ ತೋರಿಸಿ.

ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡ. ಮಲಬಾರಿನಲ್ಲಿದ್ದ ಟಿಪ್ಪು ಬಂದು ಪಟ್ಟವೇರಿದ. ಮರುವರ್ಷ ಕಂಪನಿಯವರು ಹಿಡಿದಿದ್ದ ಬಿದನೂರು ನಗರದ ಕೋಟೆಯನ್ನು ಮರಳಿ ಗೆದ್ದ. ಈ ನಗರವನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತದೆ. 1784ರಲ್ಲಿ ಮಂಗಳೂರು ಒಪ್ಪಂದವಾಯಿತು. ಮುಂದೆ ಅವನ ಮೇಲೆ ದಂಡೆತ್ತಿ ಬಂದವನು ಇಲ್ಲಿನ ಮಕ್ಕಳಿಗೆ ಶಾಲೆಯ ಪಾಠದಲ್ಲಿ ಚೆನ್ನಾಗಿ ಗೊತ್ತಿರುವ ಲಾರ್ಡ್ ಕಾರ್ನ್‌ವಾಲಿಸ್: 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನರಿಗೆ ಸೋತು ಶರಣಾದ ಅದೇ ಕಾರ್ನ್‌ವಾಲಿಸ್. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರರಿಗೂ ಮೈಸೂರಿನ ಸುದ್ದಿ ತಲುಪುತ್ತಿತ್ತು. ಪೆನ್ಸಿಲ್ವೇನಿಯದವರು 1782ರಲ್ಲಿ ತಮ್ಮ ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು.

ಈಗ ಉತ್ತರದ ಇನ್ನರ್ಧ. ಇದೇ ಟಿಪ್ಪು 1784ರಲ್ಲಿ, ಕಂಪನಿಗೆ ನೆರವಾದರೆಂಬ ಆರೋಪ ಹೊರಿಸಿ, ಮಂಗಳೂರು ಸೀಮೆಯ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಮುದುಕರು, ಮಕ್ಕಳು ದಾರಿಯಲ್ಲೇ ಸತ್ತರು. ಕೊಡಗಿನ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋಗಿ ಸಾವಿರಾರು ಮಂದಿಯನ್ನು ಸೆರೆಹಿಡಿದ. ಮಲಬಾರಿನಲ್ಲೂ ಬಲವಂತದ ಮತಾಂತರಗಳಾದವು. ಆ ಮನೆತನಗಳಲ್ಲಿ ಈ ನೆನಪು ಇಂದಿಗೂ ಆರಿಲ್ಲ, ಆರಬೇಕೆಂದು ನಾವು ಹೇಳುವಂತಿಲ್ಲ. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದವರು ಶೃಂಗೇರಿ ಮಠವನ್ನು ಸುಲಿದಾಗ, ಅಲ್ಲಿನ ಜಗದ್ಗುರುಗಳಿಗೆ ಗೌರವದಿಂದ ಪತ್ರ ಬರೆದು, ಹಣ, ಧಾನ್ಯ ಕಳಿಸಿದವನೂ ಇದೇ ಟಿಪ್ಪು. ಆ ಪತ್ರಗಳು ಕನ್ನಡದಲ್ಲಿವೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವುದು ನಮ್ಮಿಂದ ಆಗದು.

1792ರಲ್ಲಿ ಕಾರ್ನ್‌ವಾಲಿಸ್ ಗೆದ್ದ. ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನೂ ಒಪ್ಪಿಸಿದ. ಇಬ್ಬರೂ ನಮ್ಮ ಮೂರನೆಯ, ಐದನೆಯ ತರಗತಿಯ ಮಕ್ಕಳ ವಯಸ್ಸಿನವರು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಕೊನೆಯ ಯುದ್ಧ 1799ರದು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಒಬ್ಬ ಇಂಗ್ಲಿಷ್ ಕರ್ನಲ್, ಕತ್ತಲೆಯಲ್ಲಿ ರಾಕೆಟ್ ಮತ್ತು ಬಂದೂಕುಗಳ ಹೊಡೆತಕ್ಕೆ ದಿಕ್ಕು ತಪ್ಪಿ ಹಿಂದಿರುಗಿದ. ಅವನೇ ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. ಆದರೆ ರಾಕೆಟ್ಟುಗಳು ಕೋಟೆಯನ್ನು ಉಳಿಸಲಿಲ್ಲ. ಅವು ಕುದುರೆಗಳನ್ನು ಬೆದರಿಸುತ್ತಿದ್ದವು, ಸಾಲುಗಳನ್ನು ಚದುರಿಸುತ್ತಿದ್ದವು, ಬೆಂಕಿ ಹಚ್ಚುತ್ತಿದ್ದವು. ಗುರಿ ಮಾತ್ರ ನಂಬುವಂತಿರಲಿಲ್ಲ. ಎದುರಾಳಿಯ ಫಿರಂಗಿಗಳು ದಿನಗಟ್ಟಲೆ ಒಂದೇ ಕಡೆ ಹೊಡೆದು ಗೋಡೆ ಒಡೆದವು. ಮೇ 4ರ ಮಧ್ಯಾಹ್ನ ಸೈನ್ಯ ಒಳನುಗ್ಗಿತು. ಟಿಪ್ಪು ಓಡಿಹೋಗಲಿಲ್ಲ. ಕೋಟೆಯ ನೀರಿನ ಬಾಗಿಲ ಬಳಿ ಕಾದಾಡುತ್ತ ಸತ್ತ. ಮರುದಿನ ಅವನನ್ನು ಗುಂಬಜಿನಲ್ಲಿ ತಂದೆತಾಯಿಯರ ಪಕ್ಕದಲ್ಲಿ ಮಣ್ಣುಮಾಡಿದರು.

ಗೆದ್ದವರಿಗೆ ಕೋಟೆಯಲ್ಲಿ ಸಿದ್ಧವಾದ 700 ರಾಕೆಟ್ಟುಗಳೂ 9,000 ಖಾಲಿ ಕೊಳವೆಗಳೂ ಸಿಕ್ಕವು ಎಂಬ ಲೆಕ್ಕವಿದೆ. ಕೆಲವನ್ನು ವುಲ್ವಿಚ್‌ಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಎಂಬಾತ 1804ರಿಂದ ಅಲ್ಲಿ ಪ್ರಯೋಗ ನಡೆಸಿ ಇಂಗ್ಲಿಷ್ ರಾಕೆಟ್ ಮಾಡಿದ. ಅದು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟಿತು. 1814ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ರಾತ್ರಿಯಿಡೀ ಹಾರಿತು. ಆ ರಾತ್ರಿಯನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವೇ ಮುಂದೆ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್ಟಿನ ಕೆಂಪು ಬೆಳಕಿನ ಮಾತು ಬರುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಎದೆಯ ಮೇಲೆ ಕೈಯಿಟ್ಟು ಅದನ್ನು ಹಾಡುತ್ತಾ ಬಂದಿದ್ದಾರೆ. ಆ ಬೆಳಕು ಒಂದು ಕಡೆಯಿಂದ ಕಾವೇರಿ ತೀರದಿಂದ ಬಂದದ್ದು ಎಂದು ಹೇಳಿದಾಗ ಅವರು ಮೊದಲು ನಂಬಲಿಲ್ಲ.

ಡಾ. ಅಬ್ದುಲ್ ಕಲಾಂ 1960ರ ದಶಕದಲ್ಲಿ ನಾಸಾದ ವಾಲಪ್ಸ್ ಕೇಂದ್ರಕ್ಕೆ ತರಬೇತಿಗೆ ಬಂದಿದ್ದಾಗ, ಅಲ್ಲಿ ಗೋಡೆಯ ಮೇಲೆ ಟಿಪ್ಪುವಿನ ಸೈನ್ಯದ ರಾಕೆಟ್ ಯುದ್ಧದ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇನ್ನು ಆ ನಗರದ ಕೋಟೆ. ಶಿವಮೊಗ್ಗ ಜಿಲ್ಲೆಯ ಆ ಊರಿನ ಒಂದು ಹಾಳು ಬಾವಿಯಲ್ಲಿ 2002ರಲ್ಲೇ ಕೆಲವು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಏನೆಂದು ಗುರುತಾಗಲು ವರ್ಷಗಳೇ ಹಿಡಿದವು. 2018ರಲ್ಲಿ ಪುರಾತತ್ತ್ವ ಇಲಾಖೆಯವರು ಆ ಬಾವಿಯನ್ನು ಪೂರ್ತಿ ತೆಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಕೆಸರಿಗೆ ಮದ್ದಿನ ವಾಸನೆ ಇತ್ತಂತೆ. ಅವುಗಳನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ತಂದರು. ರಜೆಯಲ್ಲಿ ಜೋಗಕ್ಕೆ ಹೋಗುವವರಿಗೆ ಶಿವಮೊಗ್ಗ ದಾರಿಯಲ್ಲೇ ಸಿಗುತ್ತದೆ, ಅರ್ಧ ದಿನ ಇಟ್ಟುಕೊಳ್ಳಿ. ನಮ್ಮ ರಾಕೆಟ್ ಇದನ್ನು ಬರೆಯುವ ಹೊತ್ತಿಗೂ ಮರದ ಮೇಲೇ ಇದೆ. ಎಲೆ ಉದುರಿದ ಮೇಲೆ ಏಣಿ ತರುವುದಾಗಿ ಇಬ್ಬರು ಅಪ್ಪಂದಿರು ಮಾತು ಕೊಟ್ಟಿದ್ದಾರೆ.